ಹಳೇ ಜಾಝ್ ಪ್ಲೇಟು: ಮೊದಲ ಅಚ್ಚೋ, ಮರು ಅಚ್ಚೋ?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಈ ಸಲ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದ ಪತ್ರಗಳೆಲ್ಲ ಒಂದೇ ವಿಷಯದ ಸುತ್ತ ಇವೆ. ಅಟ್ಟದ ಮೇಲೋ ಗುಜರಿಯಲ್ಲೋ ಸಿಕ್ಕ ಜಾಝ್ ಎಲ್‌ಪಿ (33 ವೇಗದ ವಿನೈಲ್ ಪ್ಲೇಟು) ಮೊದಲ ಸಲ ಹೊರಬಂದಾಗಿನ ಅಚ್ಚೇ, ಆಮೇಲೆ ಹಾಕಿದ ಮರು ಅಚ್ಚೇ ಎಂದು ತಿಳಿಯುವುದು ಹೇಗೆ ಎಂಬುದೇ ಎಲ್ಲರ ಪ್ರಶ್ನೆ. ಒಂದೇ ಬಗೆಯ ಪತ್ರಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ತಿಪಟೂರಿನಿಂದ: ಗುಜರಿ ಅಂಗಡಿಯಲ್ಲಿ ಅಮೆರಿಕದ ಜಾಝ್ ಎಲ್‌ಪಿ ನೋಡಿದೆ. ಹಿಂದಿನ ರಟ್ಟಿನ ಮೇಲೆ 1957 ಎಂದಿದೆ. ಅಂದಮೇಲೆ ಮೊದಲ ಅಚ್ಚೇ ಅಲ್ಲವೇ?

ಆ ಇಸವಿಯನ್ನು ನಂಬಿ ದುಡ್ಡು ಕೊಡಬೇಡಿ. ಅದು ಸಂಗೀತ ಧ್ವನಿಮುದ್ರಣವಾದ ವರ್ಷ, ಇಲ್ಲವೇ ಹಕ್ಕು ನೋಂದಾಯಿಸಿದ ವರ್ಷ. ಮೂವತ್ತು ವರ್ಷದ ಮೇಲೆ ಮರು ಅಚ್ಚು ಹಾಕಿದವರೂ ಹಳೇ ರಟ್ಟನ್ನೇ ಚಿತ್ರ ತೆಗೆದು ಬಳಸುವುದರಿಂದ ಇಸವಿಯೂ ಅದರ ಜೊತೆ ಬಂದುಬಿಡುತ್ತದೆ.

ಅಂಗಡಿಯಲ್ಲಿ ನಿಂತಾಗ ಮೊದಲು ಹುಡುಕಬೇಕಾದ್ದು 'ಇದು ಖಂಡಿತ ಅಲ್ಲ' ಎಂದು ಹೇಳುವ ಗುರುತುಗಳನ್ನು. ಅವನ್ನು ನೋಡಲು ಎರಡು ನಿಮಿಷ ಸಾಕು. ರಟ್ಟಿನ ಮೇಲೆ ಬಾರ್‌ಕೋಡ್ ಅಚ್ಚಾಗಿದ್ದರೆ ಆ ರಟ್ಟು 1970ರ ದಶಕದ ಕೊನೆಯದು ಅಥವಾ ಇನ್ನೂ ಈಚಿನದು. ಅಮೆರಿಕದ ಪ್ಲೇಟಿನ ಮೇಲೆ ಸಣ್ಣ ವೃತ್ತದೊಳಗೆ ಇಂಗ್ಲಿಷಿನ ಪಿ ಅಕ್ಷರ ಇದ್ದರೆ ಅದು 1970ರ ದಶಕದ್ದು ಅಥವಾ ಇನ್ನೂ ಈಚಿನದು, ಏಕೆಂದರೆ ಅಲ್ಲಿ ಧ್ವನಿಮುದ್ರಣದ ಹಕ್ಕಿಗೆ ಆ ಗುರುತು ರೂಢಿಗೆ ಬಂದದ್ದೇ ಆಗ. ಕಂಪನಿಯ ವಿಳಾಸವನ್ನು ಪೂರ್ತಿ ಓದಿ. ಅಮೆರಿಕದಲ್ಲಿ ಐದು ಅಂಕಿಯ ಜಿಪ್ ಕೋಡ್ ಜಾರಿಗೆ ಬಂದದ್ದು 1963ರ ಜುಲೈ 1ರಂದು. ಅದಕ್ಕೆ ಮುಂಚೆ ದೊಡ್ಡ ಊರುಗಳಿಗೆ 'ನ್ಯೂಯಾರ್ಕ್ 23' ಎಂಬಂತೆ ಒಂದೆರಡು ಅಂಕಿಯ ವಲಯ ಸಂಖ್ಯೆ ಮಾತ್ರ ಇತ್ತು. 1957ರ ಪ್ಲೇಟಿನ ಮೇಲೆ ಐದು ಅಂಕಿ ಕಂಡರೆ ಅಲ್ಲಿಗೆ ಮಾತು ಮುಗಿಯಿತು. ಇನ್ನು ಸ್ಟೀರಿಯೋ ಎಲ್‌ಪಿಗಳು ಮಾರುಕಟ್ಟೆಗೆ ಬಂದದ್ದು 1958ರಲ್ಲಿ. 1955ರ ಧ್ವನಿಮುದ್ರಣದ ಮೇಲೆ 'ಎಲೆಕ್ಟ್ರಾನಿಕ್ ವಿಧಾನದಿಂದ ಸ್ಟೀರಿಯೋ ಮಾಡಲಾಗಿದೆ' ಎಂಬ ಒಕ್ಕಣೆ ಇದ್ದರೆ ಮೋನೋ (ಒಂದೇ ಜಾಡಿನ) ಟೇಪನ್ನು ಆಮೇಲೆ ಎರಡಾಗಿ ಸೀಳಿದ ಮರು ಅಚ್ಚು ಅದು. ಕೇಳಲೂ ಚೆನ್ನಾಗಿರುವುದಿಲ್ಲ.

ಈ ಜರಡಿಯಲ್ಲಿ ಉಳಿದದ್ದನ್ನು ಮಾತ್ರ ಕವರ್‌ನಿಂದ ಹೊರಗೆ ತೆಗೆಯಿರಿ. ಸಂಗೀತದ ಗೆರೆಗಳು ಮುಗಿದ ಮೇಲೆ ಲೇಬಲ್‌ವರೆಗೆ ನುಣುಪಾದ ಕಪ್ಪು ಪಟ್ಟಿ ಇರುತ್ತದೆ. ಸಂಗ್ರಾಹಕರು ಅದನ್ನು ಡೆಡ್ ವ್ಯಾಕ್ಸ್ ಎನ್ನುತ್ತಾರೆ. ನಿಜವಾದ ಓದು ಇರುವುದು ಅಲ್ಲಿ. ಮೊಬೈಲ್ ಟಾರ್ಚನ್ನು ನೇರ ಮೇಲಿಂದ ಹಿಡಿದರೆ ಹೊಳಪೊಂದೇ ಕಾಣುತ್ತದೆ. ಪ್ಲೇಟಿನ ಮಟ್ಟಕ್ಕೆ ತಂದು ಓರೆಯಾಗಿ ಬೆಳಕು ಬಿಟ್ಟು, ಅಂಚು ಹಿಡಿದು ಮೆಲ್ಲಗೆ ತಿರುಗಿಸಿ. ಗೀರಿದ ಅಕ್ಷರ, ಒತ್ತಿದ ಅಕ್ಷರ ಎರಡೂ ನೆರಳಿನಿಂದ ಎದ್ದು ಕಾಣುತ್ತವೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಜೇಬಿನಲ್ಲಿದ್ದರೆ ಇನ್ನೂ ಒಳ್ಳೆಯದು. ಎರಡೂ ಬದಿ ನೋಡಿ ಬರೆದುಕೊಳ್ಳಿ.

ಡೆಡ್ ವ್ಯಾಕ್ಸ್ ಮೊದಲು, ಲೇಬಲ್ ಆಮೇಲೆ, ಕವರ್ ಕೊನೆಗೆ. ಈ ಕ್ರಮ ಸುಮ್ಮನೆ ಹೇಳಿದ್ದಲ್ಲ. ಕವರ್ ಬದಲಾಗಬಹುದು: ಒಂದು ಮನೆಯಲ್ಲಿ ಎರಡು ಪ್ರತಿ ಇದ್ದು ಅದಲುಬದಲಾದದ್ದು ಎಷ್ಟೋ ಇದೆ. ಲೇಬಲ್ಲುಗಳನ್ನು ಸಾವಿರಗಟ್ಟಲೆ ಮೊದಲೇ ಅಚ್ಚು ಹಾಕಿಸಿಟ್ಟು, ಉಳಿದವನ್ನು ವರ್ಷಗಳ ಮೇಲೂ ಅಂಟಿಸುತ್ತಿದ್ದರು. ಡೆಡ್ ವ್ಯಾಕ್ಸ್‌ನಲ್ಲಿರುವ ಬರಹ ಮಾತ್ರ ಆ ಪ್ಲೇಟನ್ನು ಒತ್ತಿದ ಲೋಹದ ಅಚ್ಚಿನಿಂದಲೇ ಬಂದದ್ದು. ಅದನ್ನು ಬೇರೆ ಪ್ಲೇಟಿನಿಂದ ತಂದು ಅಂಟಿಸಲಾಗದು.

ಶಿರಾದಿಂದ: ಮೊದಲ ಅಚ್ಚಿಗೆ ಇಷ್ಟು ಬೆಲೆ ಏಕೆ? ಸಂಗೀತ ಅದೇ ತಾನೇ?

ಸಂಗೀತ ಅದೇ, ಆದರೆ ಅದು ಪ್ಲೇಟಿಗೆ ಇಳಿಯುವ ಹಾದಿ ಉದ್ದ. ಟೇಪಿನಿಂದ ಲ್ಯಾಕರ್ ಎಂಬ ಮೆದು ಲೇಪದ ತಟ್ಟೆಯ ಮೇಲೆ ಗೆರೆ ಕೊರೆಯುತ್ತಾರೆ. ಅದಕ್ಕೆ ಬೆಳ್ಳಿ ಸಿಂಪಡಿಸಿ, ನಿಕ್ಕಲ್ ಬೆಳೆಸಿ ಬಿಡಿಸಿದರೆ ತಂದೆ ಅಚ್ಚು. ಅದರಿಂದ ತಾಯಿ ಅಚ್ಚು, ತಾಯಿಯಿಂದ ಸ್ಟ್ಯಾಂಪರ್. ಪ್ರೆಸ್ಸಿನಲ್ಲಿ ವಿನೈಲ್ ಮುದ್ದೆಯನ್ನು ಒತ್ತುವುದು ಈ ಸ್ಟ್ಯಾಂಪರ್. ಸಂಕ್ರಾಂತಿಗೆ ಸಕ್ಕರೆ ಅಚ್ಚು ಹೊಯ್ಯುವವರಿಗೆ ಗೊತ್ತು: ಮರದ ಪಡಿಯಚ್ಚು ಹೊಸದಿದ್ದಾಗ ಗಿಳಿಯ ಕೊಕ್ಕು, ಆನೆಯ ಸೊಂಡಿಲು ಗೆರೆಗೆರೆಯಾಗಿ ಮೂಡುತ್ತವೆ, ಸವೆದ ಮೇಲೆ ಮೊಂಡಾಗುತ್ತವೆ. ಸ್ಟ್ಯಾಂಪರಿನದೂ ಅದೇ ಕಥೆ. ತಾಳದ ಸದ್ದು, ತುತ್ತೂರಿಯ ಅಂಚಿನಂಥ ಎತ್ತರದ ನಾದಗಳೇ ಮೊದಲು ಮಂಕಾಗುವುದು.

ಇನ್ನೊಂದು ಕಾರಣ ಟೇಪು. ಮರು ಅಚ್ಚಿಗೆ ಹೊಸ ಲ್ಯಾಕರ್ ಕೊರೆಯುವಾಗ ಟೇಪಿಗೆ ಹತ್ತೋ ಇಪ್ಪತ್ತೋ ವರ್ಷ ವಯಸ್ಸಾಗಿರುತ್ತದೆ. ಎಷ್ಟೋ ಸಲ ಮೂಲ ಟೇಪಿನ ನಕಲಿನ ನಕಲನ್ನು ಬಳಸಿರುತ್ತಾರೆ. ಆದರೂ ಒಂದು ಮಾತು ಹೇಳಲೇಬೇಕು: ಗೀರು ಬಿದ್ದು ಸವೆದ ಮೊದಲ ಅಚ್ಚಿಗಿಂತ ಚೊಕ್ಕಟವಾದ, ಮೂಲ ಟೇಪಿನಿಂದ ಎಚ್ಚರದಿಂದ ಕೊರೆದ ಮರು ಅಚ್ಚು ಕೇಳಲು ಮೇಲು. ಕೇಳುವುದಕ್ಕೆ ಕೊಳ್ಳುವವರು ಬೆಲೆಯ ಹಿಂದೆ ಓಡಬೇಕಿಲ್ಲ.

ಚಿಂತಾಮಣಿಯಿಂದ: ಬ್ಲೂ ನೋಟ್ ಕಂಪನಿಯ ಮೂರು ಪ್ಲೇಟುಗಳಿವೆ. ಮೂರರ ಲೇಬಲ್ಲೂ ನೀಲಿ-ಬಿಳಿ. ಆದರೆ ಒಂದೊಂದರ ಮೇಲೆ ಒಂದೊಂದು ವಿಳಾಸ. ಯಾವುದು ಹಳೆಯದು?

ಬ್ಲೂ ನೋಟ್ 1939ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಕಂಪನಿ. ಅದರ ಲೇಬಲ್ಲಿನ ವಿಳಾಸವೇ ಪಂಚಾಂಗ ಇದ್ದಹಾಗೆ. ಹನ್ನೆರಡು ಇಂಚಿನ 1500 ಸಂಖ್ಯೆಯ ಸರಣಿಯ ಮೊದಮೊದಲ ಪ್ಲೇಟುಗಳಲ್ಲಿ '767 ಲೆಕ್ಸಿಂಗ್ಟನ್ ಅವೆನ್ಯೂ ಎನ್‌ವೈಸಿ' ಎಂದಿರುತ್ತದೆ. 1957ರಲ್ಲಿ '47 ವೆಸ್ಟ್ 63ನೇ' ಬೀದಿಯ ವಿಳಾಸ ಬಂತು. ಅದರಲ್ಲೂ ಮೊದಲು 'ಎನ್‌ವೈಸಿ' ಅಥವಾ 'ನ್ಯೂಯಾರ್ಕ್ 23' ಎಂದಿತ್ತು. ಸುಮಾರು 1959ರಿಂದ ಈಚೆಗೆ 'ಇಂಕ್' ಎಂಬ ಪದವೂ, ನೋಟ್ ಎಂಬುದರ ಕೊನೆಯ ಅಕ್ಷರದ ಕೆಳಗೆ ವೃತ್ತದೊಳಗಿನ ಆರ್ ಗುರುತೂ ಸೇರಿದವು. 1962ರ ಹೊತ್ತಿಗೆ ಬರೀ 'ನ್ಯೂಯಾರ್ಕ್ ಯುಎಸ್ಎ'. ಕಂಪನಿಯನ್ನು ಲಿಬರ್ಟಿ ಕೊಂಡ ಮೇಲೆ, 1966ರಿಂದ, 'ಲಿಬರ್ಟಿ ರೆಕಾರ್ಡ್ಸ್‌ನ ವಿಭಾಗ' ಎಂಬ ಸಾಲು.

ಹೀಗಾಗಿ ಯಾವ ವಿಳಾಸ ಹಳೆಯದು ಎಂದು ಕೇಳಿದರೆ ಅರ್ಧ ಉತ್ತರ ಮಾತ್ರ ಸಿಗುತ್ತದೆ. ಆ ಪ್ಲೇಟು ಮೊದಲು ಹೊರಬಂದ ವರ್ಷಕ್ಕೆ ಆ ವಿಳಾಸ ಹೊಂದುತ್ತದೆಯೇ ಎಂದು ಕೇಳಬೇಕು. ಜಾನ್ ಕೋಲ್ಟ್ರೇನ್ ಅವರ 'ಬ್ಲೂ ಟ್ರೇನ್' (ಬಿಎಲ್‌ಪಿ 1577) 1957ರ ಸೆಪ್ಟೆಂಬರ್‌ನಲ್ಲಿ ಧ್ವನಿಮುದ್ರಣವಾಗಿ ಮುಂದಿನ ವರ್ಷ ಬಂತು. ಅದಕ್ಕೆ '47 ವೆಸ್ಟ್ 63ನೇ' ಇರಬೇಕು, 'ಇಂಕ್' ಆಗಲಿ ಆರ್ ಗುರುತಾಗಲಿ ಇರಬಾರದು. ಅದೇ ಸಂಗೀತಕ್ಕೆ 'ನ್ಯೂಯಾರ್ಕ್ ಯುಎಸ್ಎ' ಲೇಬಲ್ ಇದ್ದರೆ ನಾಲ್ಕೈದು ವರ್ಷದ ಮೇಲಿನ ಅಚ್ಚು. ಆದರೆ ಲೀ ಮಾರ್ಗನ್ ಅವರ 'ದಿ ಸೈಡ್‌ವೈಂಡರ್' (4157) ಬಂದದ್ದು 1964ರಲ್ಲಿ. ಅದಕ್ಕೆ 'ನ್ಯೂಯಾರ್ಕ್ ಯುಎಸ್ಎ' ಲೇಬಲ್ಲೇ ಮೊದಲನೆಯದು.

ಈಗ ಡೆಡ್ ವ್ಯಾಕ್ಸ್ ನೋಡಿ. ಎರಡು ಗುರುತು ಬೇಕು. ಮೊದಲನೆಯದು ಧ್ವನಿಮುದ್ರಣಕಾರ ರೂಡಿ ವ್ಯಾನ್ ಗೆಲ್ಡರ್ ಅವರದು. 1950ರ ದಶಕದ ಪ್ಲೇಟುಗಳಲ್ಲಿ ಅವರ ಹೆಸರಿನ ಮೂರು ಅಕ್ಷರ, ಆರ್‌ವಿಜಿ, ಕೈಯಲ್ಲಿ ಗೀರಿದ್ದು. ಆಮೇಲೆ ಒತ್ತಿದ ಅಕ್ಷರಗಳು ಬಂದವು, ಸುಮಾರು 1962ರಿಂದ 'ವ್ಯಾನ್ ಗೆಲ್ಡರ್' ಎಂದು ಪೂರ್ತಿ ಹೆಸರು. ಎರಡನೆಯದು 'ಕಿವಿ'. ಕೈಬರಹದ ಇಂಗ್ಲಿಷ್ ಪಿ ಅಕ್ಷರ ಮಲಗಿದಂತೆ, ಮನುಷ್ಯನ ಕಿವಿಯ ಆಕಾರದಲ್ಲಿ ಕಾಣುವ ಸಣ್ಣ ಗೀರು. ನ್ಯೂಜೆರ್ಸಿಯ ಪ್ಲಾಸ್ಟಿಲೈಟ್ ಕಾರ್ಖಾನೆಯ ಗುರುತು ಅದು. 1966ರವರೆಗೂ ಬ್ಲೂ ನೋಟ್ ಪ್ಲೇಟುಗಳನ್ನು ಒತ್ತುತ್ತಿದ್ದದ್ದು ಅವರೇ.

ಮೋಸ ಹೋಗುವುದು ಇಲ್ಲೇ. ಲಿಬರ್ಟಿಯವರು ಬೇರೆ ಕಾರ್ಖಾನೆಗಳಲ್ಲಿ ಒತ್ತಿಸಿದಾಗ, ಉಳಿದಿದ್ದ 'ನ್ಯೂಯಾರ್ಕ್ ಯುಎಸ್ಎ' ಲೇಬಲ್ಲುಗಳನ್ನೂ, ವ್ಯಾನ್ ಗೆಲ್ಡರ್ ಕೊರೆದ ಹಳೇ ಲೋಹದ ಅಚ್ಚುಗಳನ್ನೂ ಬಳಸಿದರು. ಆದ್ದರಿಂದ ಲೇಬಲ್ ಸರಿ, ಆರ್‌ವಿಜಿ ಸರಿ, ಕಿವಿ ಮಾತ್ರ ಇಲ್ಲ ಎಂಬ ಪ್ಲೇಟುಗಳು ಬೇಕಾದಷ್ಟಿವೆ. 1966ಕ್ಕೆ ಮುಂಚೆ ಬಂದ ಸಂಗೀತಕ್ಕೆ ಕಿವಿ ಇಲ್ಲದಿದ್ದರೆ ಅಮೆರಿಕದ ಮೊದಲ ಅಚ್ಚಲ್ಲ. ಲಿಬರ್ಟಿ ಕಾಲದಲ್ಲೇ ಮೊದಲ ಸಲ ಬಿಡುಗಡೆಯಾದ ಪ್ಲೇಟುಗಳಿಗೆ ಕಿವಿ ಇಲ್ಲದಿರುವುದೇ ಸರಿ. ಅವನ್ನು ಈ ಕಾರಣಕ್ಕೆ ಎಸೆಯಬೇಡಿ.

ಲೇಬಲ್ಲಿನ ಮೇಲಿರುವ ಸುಮಾರು ಏಳು ಸೆಂಟಿಮೀಟರ್ ಅಡ್ಡಳತೆಯ ಆಳವಾದ ಉಂಗುರದ ಗೆರೆ ಏನೆಂದೂ ನೀವು ಕೇಳಿದ್ದೀರಿ. ಅದೇ ಡೀಪ್ ಗ್ರೂವ್. ಬೆರಳ ತುದಿ ಆಡಿಸಿದರೆ ಕಣ್ಣು ಮುಚ್ಚಿಕೊಂಡೇ ಹೇಳಬಹುದು. ಅದನ್ನು ಯಾರೂ ಅಂದಕ್ಕೆಂದು ಮಾಡಿದ್ದಲ್ಲ, ಹಳೇ ಪ್ರೆಸ್ಸಿನ ಡೈಯಿಂದ ಬಿದ್ದ ಗುರುತು. 1961-62ರ ಸುಮಾರಿಗೆ ಡೈಗಳನ್ನು ಬದಲಿಸುತ್ತ ಬಂದರು. ಒಂದು ಬದಿಗೆ ಹೊಸದು, ಇನ್ನೊಂದು ಬದಿಗೆ ಹಳೆಯದು ಇದ್ದ ಕಾಲದಲ್ಲಿ ಒಂದೇ ಬದಿಗೆ ಗೆರೆ ಇರುವ ಪ್ಲೇಟುಗಳೂ ಬಂದವು. 1958ರ ಪ್ಲೇಟಿಗೆ ಎರಡೂ ಬದಿ ಬೇಕು. 1964ರ ಪ್ಲೇಟಿಗೆ ಇಲ್ಲದಿದ್ದರೆ ಕೊರತೆ ಅಲ್ಲ. ಈಗೀಗ ಬೇಕೆಂದೇ ಡೀಪ್ ಗ್ರೂವ್ ಹಾಕಿ, ಹಳೇ ವಿಳಾಸವನ್ನೂ ಅಚ್ಚುಹಾಕಿ ತಂದ ದುಬಾರಿ ಮರು ಅಚ್ಚುಗಳೂ ಇವೆ. ಅವು ಮೋಸಕ್ಕೆ ಮಾಡಿದವಲ್ಲ. ಮಾಡಿದವರು ಹೊಸದೆಂದು ಹೇಳಿಯೇ ಮಾರಿದ್ದಾರೆ. ಕೈಯಿಂದ ಕೈಗೆ ಬರುವಾಗ ಆ ಮಾತು ಕಳೆದುಹೋಗುತ್ತದೆ.

ತೂಕದ ಬಗ್ಗೆ ಕೇಳಿದವರಿಗೂ ಇದೇ ಉತ್ತರ. ಹಳೇ ಪ್ಲೇಟು ದಪ್ಪ, 1970ರ ದಶಕದ್ದು ತೆಳು ಎಂಬುದು ನಿಜವೇ. ಆದರೆ ಈಗಿನ ಮರು ಅಚ್ಚುಗಳು 180 ಗ್ರಾಂ, 200 ಗ್ರಾಂ ಬರುತ್ತವೆ. ತಕ್ಕಡಿ ಏನನ್ನೂ ಸಾಬೀತು ಮಾಡದು.

ರಾಬರ್ಟ್‌ಸನ್‌ಪೇಟೆ, ಕೆಜಿಎಫ್‌ನಿಂದ: ಗಣಿ ಅಧಿಕಾರಿಗಳ ಬಂಗಲೆಯಿಂದ ಬಂದದ್ದೆಂದು ಹೇಳಿ ಒಂದು ಪೆಟ್ಟಿಗೆ ಪ್ಲೇಟು ಕೊಟ್ಟಿದ್ದಾರೆ. ಜಾಝ್ ಎಲ್‌ಪಿಗಳ ಮೇಲೆ 'ಕೊಲಂಬಿಯಾ' ಎಂದಿದೆ, ಆದರೆ ಅಮೆರಿಕದ ಕೊಲಂಬಿಯಾದ ಕಣ್ಣಿನ ಗುರುತು ಇಲ್ಲ. ನಕಲಿಯೇ?

ನಕಲಿ ಅಲ್ಲ. ಕೊಲಂಬಿಯಾ ಎಂಬ ಹೆಸರಿನ ಮನೆ ಎರಡು ಪಾಲಾಗಿತ್ತು. ಅಮೆರಿಕದಲ್ಲಿ ಆ ಹೆಸರು ಸಿಬಿಎಸ್ ಸಂಸ್ಥೆಯದು. ಇಂಗ್ಲೆಂಡ್, ಭಾರತ ಮುಂತಾದ ಕಡೆ ಅದೇ ಹೆಸರು ಇಎಂಐ ಕಂಪನಿಯದು. ನಿಮ್ಮ ಪ್ಲೇಟಿನ ಮೇಲೆ ವೃತ್ತದೊಳಗೆ ಜೋಡಿ ಸಂಗೀತ ಚಿಹ್ನೆ ಇದ್ದರೆ ಅದು 'ಮ್ಯಾಜಿಕ್ ನೋಟ್ಸ್', ಇಎಂಐನ ಕೊಲಂಬಿಯಾ. ಅಮೆರಿಕದ ಕೊಲಂಬಿಯಾದ ಸಂಗೀತ 1950ರ ದಶಕದಲ್ಲಿ ಇಂಗ್ಲೆಂಡಿಗೆ ಬಂದದ್ದು ಫಿಲಿಪ್ಸ್ ಮತ್ತು ಅದರ ಸೋದರ ಲೇಬಲ್ ಫಾಂಟಾನಾ ಮೂಲಕ. 1962ರಿಂದ ಸಿಬಿಎಸ್ ಎಂಬ ಹೆಸರಲ್ಲಿ. ಡೇವ್ ಬ್ರೂಬೆಕ್ ಅವರ 'ಟೈಮ್ ಔಟ್' ಇಂಗ್ಲೆಂಡಿನಲ್ಲಿ ಮೊದಲು ಫಾಂಟಾನಾ ಲೇಬಲ್ಲಿನಲ್ಲಿ ಬಂತು. ಅದನ್ನು 'ಕೊಲಂಬಿಯಾ ಅಲ್ಲ' ಎಂದು ಪಕ್ಕಕ್ಕಿಟ್ಟಿದ್ದರೆ ಮತ್ತೆ ತೆಗೆದು ನೋಡಿ.

ಪೆಟ್ಟಿಗೆಯನ್ನು ಮೊದಲು ಎರಡು ಪಾಲು ಮಾಡಿ. ಲೇಬಲ್ಲಿನ ಅಂಚಿನ ಸಣ್ಣ ಅಕ್ಷರಗಳಲ್ಲಿ 'ಮೇಡ್ ಇನ್ ಗ್ರೇಟ್ ಬ್ರಿಟನ್' ಎಂದಿರುವುದು ಒಂದು ಕಡೆ, 'ಮೇಡ್ ಇನ್ ಇಂಡಿಯಾ' ಎಂದಿರುವುದು ಇನ್ನೊಂದು ಕಡೆ. ಎರಡನೆಯವು ಕಲ್ಕತ್ತೆಯ ಡಮ್‌ಡಮ್‌ನಲ್ಲಿದ್ದ, ಇಎಂಐಗೆ ಸೇರಿದ ಗ್ರಾಮಫೋನ್ ಕಂಪನಿಯ ಕಾರ್ಖಾನೆಯಲ್ಲಿ ಒತ್ತಿದವು. ಈ ವಿಂಗಡಣೆಯನ್ನು ಲೇಬಲ್ ನೋಡಿಯೇ ಮಾಡಬೇಕು. ಇಂಗ್ಲೆಂಡಿನಿಂದ ಲೋಹದ ಅಚ್ಚು ತರಿಸಿ ಇಲ್ಲಿ ಒತ್ತಿದ ಪ್ಲೇಟುಗಳಲ್ಲಿ ಇಂಗ್ಲೆಂಡಿನ ಸಂಖ್ಯೆಯೇ ಮೂಡಿರುತ್ತದೆ. ಡೆಡ್ ವ್ಯಾಕ್ಸ್ ಮೊದಲು ಎಂಬ ನಿಯಮ ದಾರಿ ತಪ್ಪಿಸುವ ಜಾಗ ಇದೊಂದೇ.

ಬ್ರಿಟನ್ನಿನವುಗಳಿಗೆ ಇಎಂಐ ಒಂದು ಚೆಂದದ ಲೆಕ್ಕ ಇಟ್ಟಿತ್ತು. ಡೆಡ್ ವ್ಯಾಕ್ಸ್‌ನ ಉದ್ದ ಸಂಖ್ಯೆ ಕೆಳಗೆ ಬರುವಂತೆ, ಗಡಿಯಾರದ ಆರು ಗಂಟೆಯ ಜಾಗದಲ್ಲಿ ಇರುವಂತೆ, ಪ್ಲೇಟನ್ನು ಹಿಡಿಯಿರಿ. ಆ ಸಂಖ್ಯೆಯ ಕೊನೆಯಲ್ಲಿ ಅಡ್ಡಗೆರೆಯ ನಂತರದ 1 ಅಂದರೆ ಮೊದಲ ಲ್ಯಾಕರ್. ಜೊತೆಗೆ ಎನ್ ಇದ್ದರೆ ಮೋನೋ. ಎಡಗಡೆ ಒಂಬತ್ತರ ಜಾಗದಲ್ಲಿರುವ ಅಂಕಿ ಎಷ್ಟನೆಯ ತಾಯಿ ಅಚ್ಚು ಎಂಬುದು. ಬಲಗಡೆ ಮೂರರ ಜಾಗದಲ್ಲಿ ಅಕ್ಷರಗಳಿರುತ್ತವೆ, ಅವು ಸ್ಟ್ಯಾಂಪರಿನ ಸಂಖ್ಯೆ. 'ಗ್ರಾಮಫೋನ್ ಲಿಮಿಟೆಡ್' ಎಂಬುದರ ಹತ್ತು ಇಂಗ್ಲಿಷ್ ಅಕ್ಷರಗಳನ್ನೇ ಅಂಕಿಗಳಾಗಿ ಮಾಡಿಕೊಂಡಿದ್ದರು: ಜಿ 1, ಆರ್ 2, ಎ 3, ಎಂ 4, ಒ 5, ಪಿ 6, ಎಚ್ 7, ಎಲ್ 8, ಟಿ 9, ಡಿ 0. ಬಲಗಡೆ 'ಜಿ' ಒಂದೇ ಇದ್ದರೆ ಮೊದಲ ಸ್ಟ್ಯಾಂಪರ್. 'ಆರ್‌ಎಂ' ಇದ್ದರೆ ಇಪ್ಪತ್ತನಾಲ್ಕನೆಯದು. ಅಷ್ಟು ದೂರ ಬಂದಿದ್ದರೆ ಆ ಪ್ಲೇಟು ಚೆನ್ನಾಗಿ ಮಾರಾಟವಾಗಿತ್ತು ಎಂದರ್ಥ. ಈ ಲೆಕ್ಕ ಇಎಂಐನ ಪ್ಲೇಟುಗಳಿಗೆ ಮಾತ್ರ. ಅಮೆರಿಕದ ಪ್ಲೇಟುಗಳ ಮೇಲೆ ಹೇರಬೇಡಿ.

ಡಮ್‌ಡಮ್ ಪ್ಲೇಟುಗಳನ್ನು ಕೀಳೆಂದು ಎತ್ತಿಡುವುದನ್ನು ನಾವು ಒಪ್ಪುವುದಿಲ್ಲ. ಅವು ಆ ಸಂಗೀತದ ಭಾರತದ ಮೊದಲ ಅಚ್ಚು. ಕಡಿಮೆ ಪ್ರತಿ ಬಂದವು, ಅದರಲ್ಲೂ ಜಾಝ್ ಇನ್ನೂ ಕಡಿಮೆ. ಹೊರದೇಶದ ಸಂಗ್ರಾಹಕರು ಇವನ್ನು ಹುಡುಕುತ್ತಾರೆ. ಸುಳ್ಳು ಮಾತ್ರ ಸೇರಿಸಬೇಡಿ: ಮಾರುವಾಗ 'ಭಾರತದ ಅಚ್ಚು' ಎಂದು ಬರೆಯಿರಿ, 'ಒರಿಜಿನಲ್' ಎಂದಷ್ಟೇ ಬರೆದರೆ ಕೊಳ್ಳುವವರು ಅಮೆರಿಕದ್ದೆಂದು ತಿಳಿಯುತ್ತಾರೆ. ಕಾಲ ತಿಳಿಯಲು ಎರಡು ಸುಲಭ ಗುರುತು: ಸಿಬಿಎಸ್‌ನ ಭಾರತದ ಕಂಪನಿ ಶುರುವಾದದ್ದು 1982ರಲ್ಲಿ, ಆದ್ದರಿಂದ ಅದರ ಹೆಸರಿರುವ ಮೈಲ್ಸ್ ಡೇವಿಸ್ ಅಥವಾ ಬ್ರೂಬೆಕ್ ಪ್ಲೇಟು 1950ರ ದಶಕದ್ದಾಗಲು ಸಾಧ್ಯವಿಲ್ಲ. ಗ್ರಾಮಫೋನ್ ಕಂಪನಿಯ 'ಸಾರೆಗಾಮಾ' ಎಂಬ ಹೆಸರು 2000ದಿಂದ ಈಚಿನದು.

ಗೌರಿಬಿದನೂರಿನಿಂದ: ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ' ಕೊಳ್ಳುವ ಆಸೆ. ಮಾರುವವರು 'ಮೊದಲ ಬದಿ ಸ್ವಲ್ಪ ವೇಗವಾಗಿ ಓಡುತ್ತದೆ, ಅದೇ ಒರಿಜಿನಲ್ ಎಂಬುದಕ್ಕೆ ಸಾಕ್ಷಿ' ಎನ್ನುತ್ತಾರೆ.

ಅವರ ಮಾತಿನ ಮೊದಲರ್ಧ ನಿಜ, ಎರಡನೆಯದು ತಪ್ಪು. 1959ರ ಮಾರ್ಚ್ 2ರಂದು ಧ್ವನಿಮುದ್ರಣ ಮಾಡಿದ ಟೇಪ್ ಯಂತ್ರ ತುಸು ನಿಧಾನವಾಗಿ ಓಡಿತ್ತು. ಅದನ್ನು ಸರಿಯಾದ ವೇಗದಲ್ಲಿ ನುಡಿಸಿದಾಗ ಮೊದಲ ಬದಿಯ ಮೂರೂ ರಚನೆಗಳ ಶ್ರುತಿ ಏರಿತು. ಇದನ್ನು ತಿದ್ದಿದ್ದು 1992ರಲ್ಲಿ, ಇನ್ನೊಂದು ಯಂತ್ರದ ಟೇಪಿನಿಂದ. ಅಂದರೆ 1959ರಿಂದ ಮೂವತ್ತು ವರ್ಷ ಬಂದ ಅಚ್ಚುಗಳಲ್ಲೆಲ್ಲ ಶ್ರುತಿ ಏರಿಯೇ ಇದೆ. 1975ರ ಪ್ಲೇಟೂ ಹಾಗೇ ಕೇಳುತ್ತದೆ.

ನೋಡಬೇಕಾದ್ದು ಇಷ್ಟು. ಆ ಪ್ಲೇಟು ಬಂದದ್ದು 1959ರ ಆಗಸ್ಟ್ 17ರಂದು, ಮೋನೋ ಸಿಎಲ್ 1355, ಸ್ಟೀರಿಯೋ ಸಿಎಸ್ 8163. ಲೇಬಲ್ಲಿನ ಎಡಕ್ಕೆ ಮೂರು, ಬಲಕ್ಕೆ ಮೂರು ಕಣ್ಣು ಇರಬೇಕು. ಇದೇ ಆರು ಕಣ್ಣಿನ ಲೇಬಲ್, 1955ರಿಂದ 1962ರವರೆಗಿನದು. ಅದರ ಕೊನೆಗಾಲದಲ್ಲಿ ಲೇಬಲ್ಲಿನ ಮೇಲುಭಾಗಕ್ಕೆ 'ಸಿಬಿಎಸ್' ಎಂಬ ಅಕ್ಷರ ಸೇರಿತು, ಆದ್ದರಿಂದ ಅದು ಇರಬಾರದು. ಎರಡೇ ಕಣ್ಣು, ಕೆಳಗೆ '360 ಸೌಂಡ್' ಎಂದಿದ್ದರೆ 1960ರ ದಶಕದ ಮರು ಅಚ್ಚು. ಕಣ್ಣೇ ಇಲ್ಲದೆ ಕೆಂಪು ಲೇಬಲ್ಲಿನ ಸುತ್ತ ಕೊಲಂಬಿಯಾ ಎಂದು ಮತ್ತೆ ಮತ್ತೆ ಬರೆದಿದ್ದರೆ 1970 ಮತ್ತು ಆಮೇಲಿನದು.

ಮೊದಲ ಪ್ರತಿಗಳಲ್ಲಿ ಎರಡು ತಪ್ಪುಗಳಿವೆ, ಅವೇ ಸಂಗ್ರಾಹಕರ ಪಾಲಿಗೆ ಒಡವೆ. ಕವರ್‌ನಲ್ಲಿ ಸ್ಯಾಕ್ಸೊಫೋನ್ ವಾದಕ ಆ್ಯಡರ್ಲಿ ಅವರ ಹೆಸರಿನ ಇಂಗ್ಲಿಷ್ ಕಾಗುಣಿತದಲ್ಲಿ ಕೊನೆಯ 'ವೈ'ಗೆ ಹಿಂದಿನ 'ಇ' ಅಕ್ಷರ ಬಿಟ್ಟುಹೋಗಿದೆ. ಎರಡನೇ ಬದಿಯ ಪಟ್ಟಿಯಲ್ಲಿ 'ಫ್ಲಮೆಂಕೊ ಸ್ಕೆಚಸ್' ಮೊದಲು, 'ಆಲ್ ಬ್ಲೂಸ್' ಆಮೇಲೆ ಎಂದು ತಿರುವುಮುರುವಾಗಿದೆ. ಪ್ಲೇಟು ಹಾಕಿ ಕೇಳಿದರೆ ಮೊದಲು ಬರುವುದು 'ಆಲ್ ಬ್ಲೂಸ್'.

ಡೆಡ್ ವ್ಯಾಕ್ಸ್ ಸಂಖ್ಯೆಯ ಕೊನೆಗೆ '1ಎ' ಇದ್ದರೆ ಮಾತ್ರ ಮೊದಲನೆಯದು ಎಂದು ಹೆಚ್ಚು ದುಡ್ಡು ಕೇಳುವವರಿದ್ದಾರೆ. ಅಮೆರಿಕದ ಕೊಲಂಬಿಯಾ ಒಂದೇ ಹೊತ್ತಿಗೆ ಹಲವು ಲ್ಯಾಕರ್ ಕೊರೆದು ಬೇರೆ ಬೇರೆ ಊರಿನ ಕಾರ್ಖಾನೆಗಳಿಗೆ ಹಂಚುತ್ತಿತ್ತು. ಒಂದು ಊರಿಗೆ 1ಎ ಹೋದರೆ ಇನ್ನೊಂದಕ್ಕೆ 1ಡಿ ಹೋಗಿರಬಹುದು, ಎರಡೂ ಒಂದೇ ವಾರ ಅಂಗಡಿಗೆ ಬಂದಿರಬಹುದು. ಆ ಒಂದು ಅಕ್ಷರಕ್ಕೆ ಹೆಚ್ಚುವರಿ ಬೆಲೆ ಕೊಡಬೇಡಿ.

ತುಮಕೂರಿನಿಂದ: ಪ್ರೆಸ್ಟೀಜ್, ಇಂಪಲ್ಸ್, ವರ್ವ್ ಲೇಬಲ್ಲುಗಳ ಗುರುತು ಚಿಕ್ಕದಾಗಿ ತಿಳಿಸಿ.

ಪ್ರೆಸ್ಟೀಜ್: ಹಳದಿ-ಕಪ್ಪು ಲೇಬಲ್, '446 ಡಬ್ಲ್ಯೂ. 50ನೇ ಬೀದಿ, ಎನ್‌ವೈಸಿ' ವಿಳಾಸ 1950ರ ದಶಕದ ನಡುವಿನದು. 1958ರಿಂದ 'ಬರ್ಗೆನ್‌ಫೀಲ್ಡ್, ಎನ್‌ಜೆ'. ತ್ರಿಶೂಲದ ಚಿತ್ರವಿರುವ ನೀಲಿ ಲೇಬಲ್ 1964ರ ನಂತರದ್ದು. ಡೆಡ್ ವ್ಯಾಕ್ಸ್‌ನಲ್ಲಿ ಆರ್‌ವಿಜಿ ಜೊತೆ 'ಎಬಿ' ಕಂಡರೆ ಅದು ಒತ್ತಿದ ಕಾರ್ಖಾನೆಯಾದ ಆ್ಯಬಿಯ ಗುರುತು. ಕವರ್ ಅಚ್ಚುಕಟ್ಟಾಗಿ ಹಳೆಯದರಂತೆಯೇ ಇದ್ದು ಮೂಲೆಯಲ್ಲೋ ಬೆನ್ನಿನಲ್ಲೋ 'ಒಜೆಸಿ' ಎಂಬ ಸಂಖ್ಯೆ ಇದ್ದರೆ 1980ರ ದಶಕದಲ್ಲಿ ಶುರುವಾದ ಮರು ಅಚ್ಚಿನ ಸರಣಿ. ಕಡಿಮೆ ಬೆಲೆಗೆ ಕೇಳಲು ಚೆನ್ನ, ಮೊದಲ ಅಚ್ಚಿನ ಬೆಲೆಗೆ ಬೇಡ.

ಇಂಪಲ್ಸ್: 1961ರಿಂದ ಕಿತ್ತಳೆ-ಕಪ್ಪು ಲೇಬಲ್. ಕೋಲ್ಟ್ರೇನ್ ಅವರ 'ಎ ಲವ್ ಸುಪ್ರೀಮ್' (ಮೋನೋ ಎ-77, ಸ್ಟೀರಿಯೋ ಎಎಸ್-77) 1965ರದು. ಲೇಬಲ್ಲಿನ ಕೆಳಗೆ 'ಎಬಿಸಿ-ಪ್ಯಾರಾಮೌಂಟ್' ಎಂದೂ, ಡೆಡ್ ವ್ಯಾಕ್ಸ್‌ನಲ್ಲಿ 'ವ್ಯಾನ್ ಗೆಲ್ಡರ್' ಎಂದೂ ಇರಬೇಕು. ಬರೀ 'ಎಬಿಸಿ ರೆಕಾರ್ಡ್ಸ್' ಎಂದಿದ್ದರೆ ತಡವಾದ ಅಚ್ಚು. ಕೆಂಪು-ಕಪ್ಪು ಲೇಬಲ್ ಇನ್ನೂ ತಡ.

ವರ್ವ್: ಸ್ಥಾಪಕ ನಾರ್ಮನ್ ಗ್ರಾಂಝ್ ಕಂಪನಿಯನ್ನು ಎಂಜಿಎಂಗೆ ಮಾರಿದ್ದು 1960ರ ಕೊನೆಗೆ. ಅದಕ್ಕೆ ಮುಂಚಿನದರಲ್ಲಿ ಲೇಬಲ್ಲಿನ ತಳದಲ್ಲಿ 'ವರ್ವ್ ರೆಕಾರ್ಡ್ಸ್, ಇಂಕ್', ಆಮೇಲಿನದರಲ್ಲಿ 'ಮೆಟ್ರೋ-ಗೋಲ್ಡ್‌ವಿನ್-ಮೇಯರ್' ಎಂಬ ಉದ್ದ ಸಾಲು. ಇಷ್ಟು ಗೊತ್ತಿದ್ದರೆ ವರ್ವ್‌ನ ಬಹುಪಾಲು ಕೆಲಸ ಮುಗಿಯಿತು.

ಬಂಗಾರಪೇಟೆಯಿಂದ: ಡೆಡ್ ವ್ಯಾಕ್ಸ್ ಓದಲಾಗದಷ್ಟು ದೂಳು, ಬೂಷ್ಟು. ನಲ್ಲಿ ಕೆಳಗೆ ಹಿಡಿದು ಸೋಪು ಹಾಕಿ ತೊಳೆಯಬಹುದೇ?

ನಮ್ಮ ಮೂರೂ ಜಿಲ್ಲೆಗಳ ಬೋರ್‌ವೆಲ್ ನೀರಿನಲ್ಲಿ ಬೇಡ. ಆ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಗಾರೆಯೇ ಗೆರೆಯ ತಳದಲ್ಲೂ ಒಣಗಿ ಕೂರುತ್ತದೆ. ತೊಳೆದ ಮೇಲೆ ಚಟಪಟ ಸದ್ದು ಹೆಚ್ಚಾಯಿತು ಎಂದು ಬರೆದ ಇಬ್ಬರು ಓದುಗರಿಗೂ ಆಗಿರುವುದು ಇದೇ ಇರಬೇಕು. ಡಿಸ್ಟಿಲ್ಡ್ ವಾಟರಿನಲ್ಲಿ ಇನ್ನೆರಡು ಸಲ ತೊಳೆದು ನೋಡಿ.

ಬ್ಯಾಟರಿ ಅಂಗಡಿಯಲ್ಲಿ ಡಿಸ್ಟಿಲ್ಡ್ ವಾಟರ್ ಸಿಗುತ್ತದೆ. ಅದೇ ಕಪಾಟಿನಲ್ಲಿ ಬ್ಯಾಟರಿ ಆಸಿಡ್ ಕ್ಯಾನೂ ಇರುತ್ತದೆ, ಹೆಸರು ಓದಿಯೇ ತನ್ನಿ. 800 ಮಿಲಿ ಡಿಸ್ಟಿಲ್ಡ್ ವಾಟರಿಗೆ 200 ಮಿಲಿ ಐಸೊಪ್ರೊಪೈಲ್ ಆಲ್ಕೋಹಾಲ್, ಎರಡೇ ತೊಟ್ಟು ಪಾತ್ರೆ ತೊಳೆಯುವ ಲಿಕ್ವಿಡ್. ಲಿಕ್ವಿಡ್ ಹೆಚ್ಚಾದರೆ ಅದೇ ಅಂಟಾಗಿ ಉಳಿದು ಪ್ಲೇಯರಿನ ಮುಳ್ಳಿಗೆ ಮೆತ್ತಿಕೊಳ್ಳುತ್ತದೆ. ಬೂಷ್ಟು ಇದ್ದರೆ ಮುಖಕ್ಕೆ ಮಾಸ್ಕ್ ಕಟ್ಟಿ, ಅಂಗಳದಲ್ಲಿ ಮೆದು ಬ್ರಷ್ಷಿನಿಂದ ಮೊದಲು ಒಣಗಿದ್ದಂತೆಯೇ ಉದುರಿಸಿ. ಆಮೇಲೆ ಲೇಬಲ್ಲಿಗಿಂತ ಒಂದು ಬೆರಳಗಲ ಮಾತ್ರ ದೊಡ್ಡದಾದ ಪ್ಲಾಸ್ಟಿಕ್ ಮುಚ್ಚಳವನ್ನು ಲೇಬಲ್ ಮೇಲೆ ಒತ್ತಿ ಹಿಡಿದು, ಮೈಕ್ರೋಫೈಬರ್ ಬಟ್ಟೆಯಿಂದ ಗೆರೆಯ ಜಾಡಿನಲ್ಲೇ ಸುತ್ತು ತಿರುಗಿಸಿ ಒರೆಸಿ. ಅಡ್ಡ ಉಜ್ಜಬೇಡಿ. ಲೇಬಲ್ ನೆಂದರೆ ಬಣ್ಣ ಹರಡಿ, ಇಷ್ಟು ಹೊತ್ತು ಓದಿದ ವಿಳಾಸವೇ ಹೋಗುತ್ತದೆ. ಕೊನೆಗೆ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಎರಡು ಸಲ. ನೆರಳಿನಲ್ಲಿ ನೆಟ್ಟಗೆ ನಿಲ್ಲಿಸಿ ಒಣಗಿಸಿ. ಬಿಸಿಲಿಗಿಟ್ಟರೆ ಹಪ್ಪಳದಂತೆ ಸೊಟ್ಟಗಾಗುತ್ತದೆ, ಮತ್ತೆ ಸರಿಯಾಗುವುದು ಕಷ್ಟ.

ತೊಳೆದದ್ದನ್ನು ದೂಳು ತುಂಬಿದ ಹಳೇ ಒಳಚೀಲಕ್ಕೆ ಮತ್ತೆ ಹಾಕಬೇಡಿ. ಹೊಸ ಚೀಲಕ್ಕೆ ಹಾಕಿ, ಹಳೆಯದನ್ನು ಬೇರೆಯಾಗಿ ಕವರ್‌ನಲ್ಲೇ ಉಳಿಸಿ. ಕಂಪನಿಯ ಜಾಹೀರಾತು ಇರುವ ಒಳಚೀಲವೂ ಕಾಲ ಹೇಳುವ ಗುರುತು. ಹೊರಗಿನ ರಕ್ಷಣೆಗೆ ಮೆತ್ತನೆಯ ಪಿವಿಸಿ ಚೀಲ ಬೇಡ. ನಮ್ಮ ಬೇಸಿಗೆಯಲ್ಲಿ ಅದರಿಂದ ಹೊರಬರುವ ಎಣ್ಣೆಯಂಥ ಅಂಶ ಪ್ಲೇಟಿನ ಮೇಲೆ ಮಂಜಿನ ಕಲೆ ಕೂರಿಸುತ್ತದೆ, ತೊಳೆದರೂ ಹೋಗದು. ಪಾಲಿಪ್ರೊಪಿಲೀನ್ ಅಥವಾ ಪಾಲಿಥೀನ್ ಚೀಲ ಕೇಳಿ ತನ್ನಿ.

ಶ್ರೀನಿವಾಸಪುರದಿಂದ: 78 ವೇಗದ ದಪ್ಪ ಪ್ಲೇಟುಗಳಿಗೂ ಇದೇ ದ್ರಾವಣ ಸಾಕೇ? ಒಂದರ ಮೇಲೆ 'ಟೆಡ್ಡಿ ವೆದರ್‌ಫರ್ಡ್' ಎಂದಿದೆ.

ಆಲ್ಕೋಹಾಲ್ ಒಂದು ತೊಟ್ಟೂ ತಾಗಬಾರದು. 78ರ ಪ್ಲೇಟು ಅರಗಿನದು. ಆಲ್ಕೋಹಾಲಿನಲ್ಲಿ ಅರಗು ಕರಗಿ ಗೆರೆ ಅಳಿಸಿಹೋಗುತ್ತದೆ. ಡಿಸ್ಟಿಲ್ಡ್ ವಾಟರ್, ಎರಡು ತೊಟ್ಟು ಲಿಕ್ವಿಡ್, ಬೇಗ ತೊಳೆದು ಬೇಗ ಒರೆಸಿ, ನೆನೆಯಲು ಬಿಡಬೇಡಿ. ಎಲ್‌ಪಿಯ ಮುಳ್ಳಿನಲ್ಲಿ ನುಡಿಸಲೂ ಬೇಡಿ. ಎಲ್‌ಪಿ ಮುಳ್ಳಿನ ತುದಿ ಸುಮಾರು 18ರಿಂದ 25 ಮೈಕ್ರಾನ್, 78ಕ್ಕೆ ಬೇಕಾದ್ದು ಸುಮಾರು 75. ಸಣ್ಣ ಮುಳ್ಳು ಅಗಲ ಗೆರೆಯ ತಳದಲ್ಲಿ ಕಸ ಕೆರೆಯುತ್ತ ಓಡುತ್ತದೆ.

ವೆದರ್‌ಫರ್ಡ್ ಅಮೆರಿಕದ ಕಪ್ಪು ಜನಾಂಗದ ಪಿಯಾನೋ ವಾದಕರು. ಕಲ್ಕತ್ತೆಯಲ್ಲಿ ನೆಲೆಸಿ, 1940ರ ದಶಕದ ಮೊದಲ ವರ್ಷಗಳಲ್ಲಿ ಅಲ್ಲೇ ಕೊಲಂಬಿಯಾಗೆ ಧ್ವನಿಮುದ್ರಣ ಮಾಡಿ, 1945ರಲ್ಲಿ ಅಲ್ಲೇ ತೀರಿಕೊಂಡರು. ಆ ಪ್ಲೇಟಿನ ಮೇಲೆ 'ಮೇಡ್ ಇನ್ ಇಂಡಿಯಾ', ಮ್ಯಾಜಿಕ್ ನೋಟ್ಸ್ ಗುರುತು, 'ಎಫ್‌ಬಿ'ಯಿಂದ ಶುರುವಾಗುವ ಸಂಖ್ಯೆ ಇದ್ದರೆ ಅದಕ್ಕಿಂತ ಮೊದಲಿನ ಅಚ್ಚು ಬೇರೆಲ್ಲೂ ಇಲ್ಲ. ಅಂಚು ಒಡೆಯದಂತೆ ಎರಡೂ ಅಂಗೈಯಲ್ಲಿ ಹಿಡಿದು, ರಟ್ಟಿನ ತುಂಡುಗಳ ನಡುವೆ ನೆಟ್ಟಗೆ ನಿಲ್ಲಿಸಿ. ಲೇಬಲ್ಲಿನ ಎರಡೂ ಬದಿಯ ಚಿತ್ರ ಕಳಿಸಿಕೊಡಿ, ಮುಂದಿನ ಸಂಚಿಕೆಯಲ್ಲಿ ಅದರ ಸಂಖ್ಯೆಗಳನ್ನು ಓದಿ ಹೇಳುತ್ತೇವೆ.